ಸೀರೆಯ ಮಡಿಕೆಯೊಳಗಿದ್ದ ಕಾಗದ



ಈ ಲೇಖನವನ್ನು ಬರೆಯಬೇಕೆಂದು ಬಹುಕಾಲದಿಂದ ಅಂದುಕೊಳ್ಳುತ್ತಿದ್ದೆ. ಪ್ರತಿಸಾರಿಯೂ ಮೊದಲ ವಾಕ್ಯದಲ್ಲೇ ಲೇಖನಿ ನಿಂತುಬಿಡುತ್ತಿತ್ತು. ಆ ವಾಕ್ಯದಲ್ಲಿ 'ಸ್ತನ' ಎಂಬ ಪದ ಬರಲೇಬೇಕಾಗಿತ್ತು. ಇದು ಹಿರಿಯರೂ ಮಕ್ಕಳೂ ಒಟ್ಟಿಗೆ ಓದುವ ಪತ್ರಿಕೆ. ಭಾನುವಾರ ಪೂಜೆಯಿಂದ ಬಂದು ಊಟದ ಮೇಜಿನ ಮೇಲಿಟ್ಟರೆ ಯಾರು ಬೇಕಾದರೂ ಕೈಗೆತ್ತಿಕೊಳ್ಳುವ ಪತ್ರಿಕೆ. ಇಲ್ಲಿ ಆ ಪದವನ್ನು ಬರೆಯುವುದು ಹೇಗೆ?

ಕೊನೆಗೆ ನನ್ನ ಸಂಕೋಚವನ್ನು ಮುರಿದವರು ಸಂತ ಅಗಾತರು. ಫೆಬ್ರವರಿ 5ರಂದು ಧರ್ಮಸಭೆ ಅವರ ಹಬ್ಬವನ್ನು ಆಚರಿಸುತ್ತದೆ. ಮೂರನೆಯ ಶತಮಾನದಲ್ಲಿ ಸಿಸಿಲಿ ದ್ವೀಪದ ಕತಾನಿಯಾ ಪಟ್ಟಣದಲ್ಲಿ ರಕ್ತಸಾಕ್ಷಿಯಾದ ಈ ಕನ್ಯೆಯ ಸ್ತನಗಳನ್ನು ಹಿಂಸಕರು ಕತ್ತರಿಸಿದರೆಂಬುದು ಪರಂಪರೆಯ ಮಾತು. ಸ್ತನರೋಗದಿಂದ ನರಳುವವರಿಗೆ ಅವರೇ ಪಾಲಕಿ. ಯುರೋಪಿನ ಚಿತ್ರಕಾರರು ತಟ್ಟೆಯಲ್ಲಿ ತಮ್ಮ ಎರಡು ಸ್ತನಗಳನ್ನು ಹಿಡಿದು ನಿಂತವರಂತೆ ಅವರನ್ನು ಚಿತ್ರಿಸಿದ್ದಾರೆ. ಆ ಚಿತ್ರಗಳು ದೇವಾಲಯಗಳಲ್ಲಿಯೇ ಇವೆ. ಬಲಿಪೂಜೆಯ ಪ್ರಾಚೀನ ಪ್ರಾರ್ಥನೆಯೊಂದರಲ್ಲಿ ಅವರ ಹೆಸರನ್ನು ಇಂದಿಗೂ ಉಚ್ಚರಿಸಲಾಗುತ್ತದೆ. ಪೂಜಾಪೀಠದ ಬಳಿ ನಾಚಿಕೆಯಾಗದ ಸಂಗತಿ ಅಡುಗೆಮನೆಯಲ್ಲಿ ಏಕೆ ನಾಚಿಕೆಯದ್ದಾಗಬೇಕು ಎಂದು ನನ್ನನ್ನೇ ಕೇಳಿಕೊಂಡೆ. ಈಗ ಹೇಳಿಬಿಡುತ್ತೇನೆ.

2023ರ ಏಪ್ರಿಲ್ 17ರಂದು, ನನ್ನ 46ನೆಯ ವಯಸ್ಸಿನಲ್ಲಿ, ಸ್ತನಗಳ ಗಾತ್ರವನ್ನು ಕಡಿಮೆ ಮಾಡುವ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡೆ.

ಅದರ ಅಗತ್ಯವೇನಿತ್ತು ಎಂದು ನೀವು ಕೇಳಬಹುದು. ನಾನು ಚಿಕ್ಕಮಗಳೂರು ಜಿಲ್ಲೆಯ ಒಂದು ಊರಿನಲ್ಲಿ ಪ್ರೌಢಶಾಲೆಯ ಶಿಕ್ಷಕಿ. ಇಪ್ಪತ್ತೆರಡು ವರ್ಷ ಕರಿಹಲಗೆಯ ಮುಂದೆ ನಿಂತಿದ್ದೇನೆ. ಒಳಉಡುಪಿನ ಪಟ್ಟಿಗಳು ಎರಡೂ ಹೆಗಲುಗಳಲ್ಲಿ ಬೆರಳು ಹುದುಗುವಷ್ಟು ಆಳದ ಗೆರೆ ಕೊರೆದಿದ್ದವು. ಕತ್ತು, ಹೆಗಲು, ಬೆನ್ನು ಎಲ್ಲವೂ ನೋವು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವಾಗ ಬೆರಳುಗಳು ಜೋಮು ಹಿಡಿಯುತ್ತಿದ್ದವು. ಮಲೆನಾಡಿನ ಮಳೆಗಾಲ ನಿಮಗೆ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ. ಎದೆಯ ಕೆಳಗಿನ ಮಡಿಕೆಯಲ್ಲಿ ಚರ್ಮ ಕೆಂಪಾಗಿ ಸುಲಿದು, ಉರಿದು, ರಾತ್ರಿಯ ನಿದ್ರೆ ಹಾಳಾಗುತ್ತಿತ್ತು. ಮೂಳೆತಜ್ಞರು ನೋಡಿದರು, ವ್ಯಾಯಾಮ ಹೇಳಿಕೊಟ್ಟರು, ಮುಲಾಮುಗಳನ್ನು ಬರೆದುಕೊಟ್ಟರು. ಮೂರು ವರ್ಷ ಹೀಗೆಯೇ ಕಳೆಯಿತು.

ಆದರೆ ನೋವೊಂದೇ ಕಾರಣವಾಗಿತ್ತೆಂದರೆ ಸುಳ್ಳಾದೀತು. ಹದಿಮೂರನೆಯ ವಯಸ್ಸಿನಿಂದ ನಾನು ಯಾವ ಗುಂಪುಚಿತ್ರದಲ್ಲೂ ಮುಂದಿನ ಸಾಲಿನಲ್ಲಿ ನಿಂತವಳಲ್ಲ. ಗಾಯನವೃಂದದಲ್ಲಿ ನನ್ನ ಸ್ಥಾನ ಯಾವಾಗಲೂ ಹಾರ್ಮೋನಿಯಂನ ಹಿಂದೆ. ಸೆರಗನ್ನು ಎಳೆದು ಎಳೆದು ಮುಚ್ಚಿಕೊಳ್ಳುವುದು ನನ್ನ ಮೈಗಂಟಿದ ಅಭ್ಯಾಸವಾಗಿತ್ತು. ಒಮ್ಮೆಯಾದರೂ ನೆಟ್ಟಗೆ ನಿಲ್ಲಬೇಕೆಂಬ ಆಸೆಯೂ ನನಗಿತ್ತು. ಚೆನ್ನಾಗಿ ಕಾಣಬೇಕೆಂಬ ಆಸೆ ಎಂದು ನೀವದನ್ನು ಕರೆದರೂ ನಾನು ವಾದಿಸುವುದಿಲ್ಲ. ವಿಮಾ ಕಂಪನಿಯವರಂತೂ ಇದು ಸೌಂದರ್ಯ ಚಿಕಿತ್ಸೆ ಎಂದು ಬರೆದು ಹಣ ಕೊಡಲು ನಿರಾಕರಿಸಿದರು. ಚೀಟಿಯ ಹಣವೇ ಖರ್ಚಾಯಿತು.

ಹಾಗಾಗಿ, ಆಸೆಯ ಪಾಲು ಅದರಲ್ಲಿದ್ದುದರಿಂದಲೇ, ನಾನು ಸುಳ್ಳು ಹೇಳಿದೆ. ನನ್ನ ಯಜಮಾನರಿಗೂ ಮಂಗಳೂರಿನಲ್ಲಿ ಓದುತ್ತಿದ್ದ ಮಗಳಿಗೂ ಮಾತ್ರ ಸತ್ಯ ತಿಳಿದಿತ್ತು. ಅತ್ತೆಯವರಿಗೆ "ಎದೆಯಲ್ಲೊಂದು ಸಣ್ಣ ಗಂಟಿದೆ, ತೆಗೆಸಿಕೊಂಡು ಬರುತ್ತೇನೆ" ಎಂದೆ. ಊರಿಗೂ ಅದನ್ನೇ ಹೇಳಿದೆ. ಒಂದು ಸುಳ್ಳು ಎಷ್ಟು ಕಡೆ ಬೇರು ಬಿಡುತ್ತದೆಂಬುದು ಆಗ ತಿಳಿಯಲಿಲ್ಲ.

ನನ್ನ ಶಸ್ತ್ರವೈದ್ಯೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಪ್ಲಾಸ್ಟಿಕ್ ಸರ್ಜನ್. ಮಿತಭಾಷಿ. ಶಸ್ತ್ರಚಿಕಿತ್ಸೆಗೆ ಮುನ್ನ ಮ್ಯಾಮೋಗ್ರಾಂ ಮಾಡಿಸಿದರು, ರಕ್ತದೊತ್ತಡ, ಸಕ್ಕರೆ ಎಲ್ಲ ನೋಡಿದರು. ತಲೆನೋವಿಗೆಂದು ಅಭ್ಯಾಸಬಲದಿಂದ ನುಂಗುತ್ತಿದ್ದ ಆಸ್ಪಿರಿನ್ ಮಾತ್ರೆಯನ್ನು ಮುಂಚಿತವಾಗಿಯೇ ನಿಲ್ಲಿಸಿದರು. ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆಯಂತೆ. ಅನಂತರ ಒಂದು ಬಿಳಿ ಕಾಗದದ ಮೇಲೆ ಹಡಗಿನ ಲಂಗರಿನ ಚಿತ್ರ ಬಿಡಿಸಿದರು. ಮೊಲೆತೊಟ್ಟಿನ ಸುತ್ತ ಒಂದು ವೃತ್ತ, ಅಲ್ಲಿಂದ ಕೆಳಕ್ಕೆ ಒಂದು ನೇರ ಗೆರೆ, ಬುಡದ ಮಡಿಕೆಯುದ್ದಕ್ಕೂ ಒಂದು ಬಾಗಿದ ಗೆರೆ. ನೇರ ಗೆರೆ ಬಾಗಿದ ಗೆರೆಯನ್ನು ಸೇರುವ ಜಾಗಕ್ಕೆ ಪೆನ್ನನ್ನು ಒತ್ತಿ ಹೇಳಿದರು: "ಟೀಚರ್, ನನಗೆ ಭಯವಿರುವುದು ಈ ಒಂದು ಚುಕ್ಕೆಯ ಬಗ್ಗೆ. ಹೊಲಿಗೆಯ ಎಳೆತ ಇಲ್ಲಿ ಜಾಸ್ತಿ, ರಕ್ತ ಸಂಚಾರ ಇಲ್ಲಿ ಕಮ್ಮಿ. ನಾನು ಏನೇ ಪಥ್ಯ ಹೇಳಿದರೂ ಅದು ಈ ಚುಕ್ಕೆಗಾಗಿ ಅಂತ ತಿಳಿದುಕೊಳ್ಳಿ."

ಶಸ್ತ್ರಚಿಕಿತ್ಸೆ ಸುಮಾರು ನಾಲ್ಕು ಗಂಟೆ ನಡೆಯಿತಂತೆ. ತೆಗೆದದ್ದು ಒಟ್ಟು ಒಂದೂಕಾಲು ಕಿಲೋ. ಅದನ್ನು ಎಸೆಯದೆ ಪ್ರಯೋಗಾಲಯಕ್ಕೆ ಪರೀಕ್ಷೆಗೆ ಕಳುಹಿಸಿದರು; ಕೆಟ್ಟದ್ದೇನೂ ಇಲ್ಲವೆಂದು ವರದಿ ಬಂತು. ಎಚ್ಚರವಾದಾಗ ಎರಡೂ ಪಕ್ಕದಲ್ಲಿ ಸಣ್ಣ ನಳಿಕೆಗಳು; ಅವುಗಳ ತುದಿಯ ಡಬ್ಬಿಗಳಲ್ಲಿ ಕೆಂಪು ನೀರು ತುಂಬುತ್ತಿತ್ತು. ದಾದಿ ಅದನ್ನು ಅಳೆದು ಬರೆದುಕೊಳ್ಳುತ್ತಿದ್ದಳು. ಅಂದು ಸಂಜೆಯೇ ನನ್ನನ್ನು ಎಬ್ಬಿಸಿ ನಡೆಸಿದರು. ಆಯಾಸದಿಂದ ನಾನು ಗೊಣಗಿದಾಗ, ಕಾಲಿನ ರಕ್ತನಾಳಗಳಲ್ಲಿ ರಕ್ತ ಗಟ್ಟಿಯಾಗದಿರಲು ಇದಕ್ಕಿಂತ ಒಳ್ಳೆಯ ಔಷಧಿಯಿಲ್ಲ ಎಂದರು.

ಮೂರನೆಯ ದಿನ ಮನೆಗೆ ಕಳುಹಿಸುವಾಗ ಕೈಗೆ ಕೊಟ್ಟದ್ದೇ ಆ ಕಾಗದ. ಎರಡು ಪುಟ. ಆರು ವಾರ ಹಗಲೂ ರಾತ್ರಿಯೂ ಮುಂದೆ ಕೊಂಡಿಯಿರುವ, ಒಳಗೆ ತಂತಿಯಿಲ್ಲದ ಬಿಗಿ ಒಳಉಡುಪನ್ನು ತೊಡಬೇಕು. ಬೆನ್ನಿನ ಮೇಲೆಯೇ, ತಲೆಯ ಭಾಗ ಎತ್ತರಿಸಿ ಮಲಗಬೇಕು. ಮೂರು ವಾರ ಮೊಣಕೈಗಳು ಹೆಗಲಿಗಿಂತ ಮೇಲೇಳಬಾರದು. ಆರು ವಾರ ಎರಡು ಕಿಲೋಗಿಂತ ಹೆಚ್ಚಿನ ಭಾರ ಎತ್ತಬಾರದು. ಗಾಯಕ್ಕೆ ಅವರು ಹೇಳಿದ್ದನ್ನು ಬಿಟ್ಟು ಬೇರೇನನ್ನೂ ಹಚ್ಚಬಾರದು. ಜ್ವರ 101 ಡಿಗ್ರಿ ದಾಟಿದರೆ, ಒಂದು ಪಕ್ಕ ಮಾತ್ರ ಹಠಾತ್ತನೆ ಊದಿ ಗಟ್ಟಿಯಾದರೆ, ಮೊಲೆತೊಟ್ಟು ಕಪ್ಪಾದರೆ, ಗಾಯದಿಂದ ವಾಸನೆ ಅಥವಾ ಕೀವು ಬಂದರೆ, ಮೀನಖಂಡ ನೋಯತೊಡಗಿದರೆ, ಉಸಿರು ಕಟ್ಟಿದರೆ ಹಗಲಿರಲಿ ರಾತ್ರಿಯಿರಲಿ ತಕ್ಷಣ ಫೋನ್ ಮಾಡಬೇಕು. ಈ ಕೊನೆಯ ಭಾಗದ ಕೆಳಗೆ ವೈದ್ಯೆ ತಮ್ಮ ಕೈಯಿಂದಲೇ ಎರಡು ಗೆರೆ ಎಳೆದು ಸಂಖ್ಯೆ ಬರೆದಿದ್ದರು.

ಪಕ್ಕದ ಕೋಣೆಯಲ್ಲಿ, ಗಂಡನೊಡನೆ ಕೊಲ್ಲಿ ದೇಶದಲ್ಲಿರುವ ಒಬ್ಬ ತರುಣಿ ಇದ್ದಳು. ಅವಳು ಸಿಲಿಕೋನ್ ಇರಿಸಿಕೊಂಡು ಸ್ತನವನ್ನು ಹಿಗ್ಗಿಸಿಕೊಂಡವಳು. ಅವಳ ಕಾಗದವೇ ಬೇರೆ, ನನ್ನದೇ ಬೇರೆ. ನನ್ನ ಮಗಳು ಮೊಬೈಲಿನಲ್ಲಿ ಮತ್ತೂ ಬೇರೆ ಬೇರೆ ಸಲಹೆಗಳನ್ನು ಓದಿ ಹೇಳಿದಾಗ ನಾನು ಗೊಂದಲಗೊಂಡೆ. ವೈದ್ಯೆ ನಕ್ಕು, "ಅವರವರ ಶಸ್ತ್ರಚಿಕಿತ್ಸೆಗೆ ಅವರವರ ಕಾಗದ. ನಿಮ್ಮ ಹೊಲಿಗೆ ಹಾಕಿದವಳು ನಾನು, ಅದು ಎಲ್ಲಿ ಬಿಗಿಯಾಗಿದೆ, ಎಲ್ಲಿ ಸಡಿಲವಾಗಿದೆ ಅಂತ ನನಗೆ ಗೊತ್ತು" ಎಂದರು. ಆದುದರಿಂದ ಓದುಗರೇ, ನಾನಿಲ್ಲಿ ಬರೆದ ಪಥ್ಯಗಳನ್ನು ನೀವಾರೂ ನಿಮ್ಮದೆಂದು ತಿಳಿಯಬಾರದು.

ಮಂಗಳೂರಿನಲ್ಲೇ ತಂಗಿಯ ಮನೆಯಲ್ಲಿ ಒಂದು ವಾರವಿದ್ದು, ಮೊದಲ ತಪಾಸಣೆ ಮುಗಿಸಿ ಚಾರ್ಮಾಡಿ ಘಾಟಿಯಲ್ಲಿ ಮರಳಿದೆವು. ಸೀಟ್‌ಬೆಲ್ಟಿನ ಮತ್ತು ಎದೆಯ ನಡುವೆ ಒಂದು ಮೆತ್ತನೆಯ ದಿಂಬು. ಪ್ರತಿ ತಿರುವಿನಲ್ಲೂ ಯಜಮಾನರು ನನ್ನ ಮುಖ ನೋಡುತ್ತಿದ್ದರು. "ರಸ್ತೆ ನೋಡ್ರೀ" ಎಂದು ನಾನು ಗದರುತ್ತಿದ್ದೆ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರುದೋಸೆ ತಿನ್ನುವಾಗ, ಬೆನ್ನು ನೆಟ್ಟಗೆ ಮಾಡಿ ಕುಳಿತಿರುವುದು ನನಗೇ ಅರಿವಾಯಿತು. ಕತ್ತಿನ ನೋವು ಹೋಗಿತ್ತು. ಹೊಲಿಗೆಗಳ ನೋವಿನ ನಡುವೆಯೂ ಅದು ಹೋದದ್ದು ಗೊತ್ತಾಗುತ್ತಿತ್ತು. ಅಂದು ನಾನು ಪಟ್ಟ ಸಂತೋಷವನ್ನು ಹಂಚಿಕೊಳ್ಳಲು ಮಾತ್ರ ಊರಿನಲ್ಲಿ ಯಾರೂ ಇರಲಿಲ್ಲ.

ಮನೆಗೆ ಬಂದು ಮಾಡಿದ ಮೊದಲ ಕೆಲಸವೆಂದರೆ ಆ ಕಾಗದವನ್ನು ನಾಲ್ಕಾಗಿ ಮಡಚಿ, ಬೀರುವಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಬಚ್ಚಿಟ್ಟದ್ದು. ಅದರ ನೆತ್ತಿಯ ಮೇಲೆ ಶಸ್ತ್ರಚಿಕಿತ್ಸೆಯ ಹೆಸರು ದಪ್ಪಕ್ಷರಗಳಲ್ಲಿತ್ತು.

ಇನ್ನು ಮುಂದಿನದನ್ನು ನೀವು ಊಹಿಸಬಲ್ಲಿರಿ. ಅತ್ತೆಯವರು ಒಳ್ಳೆಯವರು; ಎಪ್ಪತ್ತೆಂಟರ ಪ್ರಾಯ, ಮಂಡಿನೋವು. ನನ್ನದು 'ಸಣ್ಣ ಗಂಟು' ಎಂದು ನಾನೇ ಹೇಳಿದ್ದೆ. ಸಣ್ಣ ಗಂಟು ತೆಗೆಸಿಕೊಂಡವಳು ಹತ್ತು ದಿನವಾದರೂ ತೊಳೆಯಲು ಹಾಕಿದ ಬಟ್ಟೆಯ ಬಕೆಟ್ ಎತ್ತುವುದಿಲ್ಲವೆಂದರೆ ಅವರಿಗೆ ಆಶ್ಚರ್ಯವಾಗದಿರುತ್ತದೆಯೇ? ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಮಂಡಿ ಹಿಡಿದುಕೊಂಡು ತಾವೇ ಎತ್ತಲು ಬರುತ್ತಿದ್ದರು. ಅದನ್ನು ನೋಡಲಾರದೆ ನಾನು ಎತ್ತಿದೆ. ಒಮ್ಮೆ ಅರ್ಧ ಬಕೆಟ್. ಏನೂ ಆಗಲಿಲ್ಲ. ಮರುದಿನ ಮುಕ್ಕಾಲು. ಆಗಲೂ ಏನೂ ಆಗಲಿಲ್ಲ. ಪಥ್ಯ ಮುರಿದ ದಿನವೇ ಶಿಕ್ಷೆ ಬಂದರೆ ಮನುಷ್ಯ ಬೇಗನೆ ಕಲಿತಾನು, ಇಲ್ಲಿ ಹಾಗಾಗಲಿಲ್ಲ.

ಯಜಮಾನರು ಬೆಳಿಗ್ಗೆ ತೋಟಕ್ಕೆ ಹೋದರೆ ಮಧ್ಯಾಹ್ನವೇ ಬರುವುದು. ಅವರಿಗೂ ನನ್ನ ಕಾಗದದಲ್ಲಿ ಏನೇನಿದೆ ಎಂದು ಪೂರ್ತಿ ತಿಳಿದಿರಲಿಲ್ಲ. "ಹುಷಾರಾಗಿರು" ಎನ್ನುತ್ತಿದ್ದರು. ಹುಷಾರು ಎಂದರೆ ಎಷ್ಟು ಕಿಲೋ ಎಂದು ಅವರಿಗೆ ಹೇಳಿದವರಾರು?

ಮೇ 3, ಬುಧವಾರ. ಶಸ್ತ್ರಚಿಕಿತ್ಸೆಯಾಗಿ ಹದಿನಾರನೆಯ ದಿನ. ಮೈದುನನ ಮಗಳ ನಿಶ್ಚಿತಾರ್ಥದ ಮಾತುಕತೆಗೆ ಗಂಡಿನ ಕಡೆಯವರು ಬರುವವರಿದ್ದರು. ಇಪ್ಪತ್ತೈದು ಜನರಿಗೆ ಅನ್ನ ಮಾಡುವ ಅಲ್ಯೂಮಿನಿಯಂ ಪಾತ್ರೆ ಅಡುಗೆಮನೆಯ ಅಟ್ಟದ ಮೇಲಿತ್ತು. ಮಣೆಯ ಮೇಲೆ ನಿಂತು, ಎರಡೂ ಕೈ ಎತ್ತಿ, ಅದನ್ನು ಇಳಿಸಿದೆ. ಕೆಳಗಿಳಿಸುವಾಗ ಎಡಗಡೆ ಬುಡದಲ್ಲಿ ಏನೋ ಚುರ್ರೆಂದಿತು. ಅತಿಥಿಗಳು ಬಂದರು, ಊಟವಾಯಿತು, ಎಲ್ಲರೂ ಹೊರಟರು. ರಾತ್ರಿ ಬಟ್ಟೆ ಬದಲಿಸುವಾಗ ನೋಡಿದರೆ ಒಳಉಡುಪು ಒದ್ದೆಯಾಗಿತ್ತು. ವೈದ್ಯೆ ಪೆನ್ನು ಒತ್ತಿ ತೋರಿಸಿದ್ದ ಅದೇ ಚುಕ್ಕೆಯಲ್ಲಿ ಗಾಯ ಬಾಯಿ ತೆರೆದಿತ್ತು.

ಆ ಕ್ಷಣದಲ್ಲಿ ನಾನು ಮಾಡಬೇಕಿದ್ದುದು ಒಂದೇ. ಆ ಸಂಖ್ಯೆಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಏಕೆಂದು ಈಗಲೂ ಯೋಚಿಸುತ್ತೇನೆ. ವಿದ್ಯಾರ್ಥಿನಿಯಾಗಿದ್ದಾಗಲೂ ನಾನು ಬೈಸಿಕೊಂಡವಳಲ್ಲ. ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಮೀರಿದೆನೆಂದು ಒಪ್ಪಿಕೊಳ್ಳುವುದು ಗಾಯಕ್ಕಿಂತ ಕಷ್ಟವೆನಿಸಿತು. 'ನಾಳೆ ನೋಡೋಣ' ಎಂದುಕೊಂಡೆ. ಮರುದಿನ, ನಿಶ್ಚಿತಾರ್ಥಕ್ಕೆ ಬಂದು ಉಳಿದಿದ್ದ ಯಜಮಾನರ ಸೋದರತ್ತೆ ನನ್ನ ಮುಖ ನೋಡಿ ಕೇಳಿಯೇ ಬಿಟ್ಟರು. ಹೊಲಿಗೆ ಸ್ವಲ್ಪ ಬಿಟ್ಟಿದೆ ಎಂದೆ. "ಅದಕ್ಕೇಕೆ ಚಿಂತೆ, ಕಸ್ತೂರಿ ಅರಿಶಿನಕ್ಕೆ ಕೊಬ್ಬರಿ ಎಣ್ಣೆ ಕಲಸಿ ಹಚ್ಚು, ಎರಡೇ ದಿನಕ್ಕೆ ಕೂಡಿಕೊಳ್ಳುತ್ತದೆ" ಎಂದು ತಾವೇ ಅರೆದು ತಂದುಕೊಟ್ಟರು. ಪ್ರೀತಿಯಿಂದ ಕೊಟ್ಟದ್ದು. ವಿಜ್ಞಾನ ಬೋಧಿಸುವ ನಾನು, ಎಂಟನೆಯ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡುವ ನಾನು, ಕಲ್ಲಿನ ಮೇಲೆ ಅರೆದ ಅರಿಶಿನವನ್ನು ತೆರೆದ ಗಾಯಕ್ಕೆ ಹಚ್ಚಿಕೊಂಡೆ.

ಭಾನುವಾರದ ಹೊತ್ತಿಗೆ ಆ ಜಾಗ ಒಂದು ರೂಪಾಯಿ ನಾಣ್ಯದಷ್ಟು ಅಗಲವಾಗಿ, ಸುತ್ತಲೂ ಕೆಂಪೇರಿ, ವಾಸನೆ ಬರತೊಡಗಿತ್ತು. ಪೂಜೆಗೆ ಹೋಗಲಿಲ್ಲ.

ಅಂದು ಮಧ್ಯಾಹ್ನ ಅಕ್ಕ ಬಂದರು. ಅವರ ಹೆಸರನ್ನು ಬರೆಯಲಾರೆ. ನಮ್ಮ ಧರ್ಮಕೇಂದ್ರದಲ್ಲಿ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಾರೆ. 2018ರಲ್ಲಿ ಅವರಿಗೆ ಸ್ತನ ಕ್ಯಾನ್ಸರ್ ಆಗಿ ಎಡ ಸ್ತನವನ್ನು ಪೂರ್ತಿ ತೆಗೆದಿದ್ದರು. ಎಡಗೈ ಊದಿಕೊಳ್ಳುವುದರಿಂದ ಆ ತೋಳಿಗೆ ಸದಾ ಬಿಗಿ ಚೀಲವೊಂದನ್ನು ತೊಡುತ್ತಾರೆ. ಕೈಯಲ್ಲಿ ರಾಗಿಮಾಲ್ಟಿನ ಡಬ್ಬಿ, ವೇಲಾಂಕಣಿಯಿಂದ ತಂದ ಎಣ್ಣೆಯ ಪುಟ್ಟ ಸೀಸೆ. ನನ್ನ ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡು ಹೇಳಿದರು: "ಟೀಚರ್, ಹೆದರಬೇಡಿ. ನನಗೂ ಮೊದಲು ಹೀಗೇ ಆಗಿತ್ತು. ನಮ್ಮ ಪ್ರಾರ್ಥನಾ ಕೂಟದಲ್ಲಿ ಮೂರು ವಾರದಿಂದ ನಿಮಗಾಗಿ ಜಪಸರ ಹೇಳುತ್ತಿದ್ದೇವೆ. ಕೀಮೋ ಯಾವಾಗ ಅಂತ ಹೇಳಿದ್ದಾರೆ?"

ಮನೆಯೊಳಗೆ ಸಣ್ಣದೆಂದು ಕರೆಸಿಕೊಂಡ ನನ್ನ ಗಂಟು, ಊರಿನಲ್ಲಿ ಕ್ಯಾನ್ಸರ್ ಆಗಿ ಬೆಳೆದಿತ್ತು. ನನ್ನ ಸುಳ್ಳಿಗೆ ಹದಿನೈದು ಹೆಂಗಸರು ಮೊಣಕಾಲೂರಿದ್ದರು. ಅವರ ಮುಂದೆ ನಿಂತು ಪ್ರಾರ್ಥನೆ ನಡೆಸಿದವರು ನಿಜವಾಗಿಯೂ ಎದೆ ಕಳೆದುಕೊಂಡ ಈ ತಾಯಿ. ನನಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಎಲ್ಲವನ್ನೂ ಹೇಳಿದೆ. ಗಂಟಿರಲಿಲ್ಲ ಎಂದೆ. ದೊಡ್ಡದಿತ್ತು, ಚಿಕ್ಕದು ಮಾಡಿಸಿಕೊಂಡೆ ಎಂದೆ. ನಿಮ್ಮ ಮುಖ ನೋಡಲು ನಾಚಿಕೆಯಾಗುತ್ತಿದೆ ಎಂದೆ.

ಅಕ್ಕ ತುಸು ಹೊತ್ತು ಸುಮ್ಮನಿದ್ದರು. ಆ ಮೌನದಲ್ಲಿ ಅವರಿಗೆ ನೋವಾಗಿತ್ತೆಂದೇ ನನ್ನ ಭಾವನೆ. ಅವರು ಎಂದೂ ಹೇಳಲಿಲ್ಲ, ನಾನೂ ಕೇಳಿಲ್ಲ. ಆಮೇಲೆ, "ನಮ್ಮ ಜಪ ವ್ಯರ್ಥವಾಗಲಿಲ್ಲ ಬಿಡಿ, ಕ್ಯಾನ್ಸರ್ ಇಲ್ಲವಲ್ಲ" ಎಂದರು. ಮೂಗೆಳೆದು, ಮುಖ ತಿರುಗಿಸಿ, "ಇದೇನು ವಾಸನೆ?" ಎಂದರು.

ತೋರಿಸಿದೆ. ಐದು ವರ್ಷ ಆಸ್ಪತ್ರೆಗಳನ್ನು ಸುತ್ತಿದ ಕಣ್ಣು ಅವರದು. "ಡಾಕ್ಟರಿಗೆ ಫೋನ್ ಮಾಡಿದಿರಾ? ಕಾಗದ ಎಲ್ಲಿ?" ಎಂದು ಕೇಳಿದರು. ಬೀರು ತೆಗೆದು ಸೀರೆಯ ಮಡಿಕೆಯಿಂದ ಕಾಗದವನ್ನು ಹೊರತೆಗೆದಾಗ ಅವರಿಗೆ ಮೊದಲ ಬಾರಿ ಸಿಟ್ಟು ಬಂತು. "ರೇಷ್ಮೆ ಸೀರೆಗೆ ಹೊಲಿಗೆ ಹಾಕಿದ್ದಾರೆಯೇ ಟೀಚರ್, ಅಲ್ಲಿಟ್ಟಿದ್ದೀರಲ್ಲ? ನನ್ನ ಕಾಗದ ಐದು ವರ್ಷದಿಂದ ಅಡುಗೆಮನೆಯ ಗೋಡೆಯ ಮೇಲಿದೆ, ಕ್ಯಾಲೆಂಡರ್ ಪಕ್ಕದಲ್ಲಿ. ಎಡಗೈಯಲ್ಲಿ ನಾನು ನೀರಿನ ಕೊಡ ಮುಟ್ಟಿದರೆ ನನ್ನ ಮೊಮ್ಮಗ ಓದಿ ಹೇಳುತ್ತಾನೆ." ಎಣ್ಣೆಯ ಸೀಸೆಯನ್ನು ಮೇಜಿನ ಮೇಲಿಟ್ಟು, "ಇದನ್ನು ಹಣೆಗೆ ಮಾತ್ರ ಹಚ್ಚಿಕೊಳ್ಳಿ, ಗಾಯಕ್ಕಲ್ಲ" ಎಂದು ಎಚ್ಚರಿಸಿ, ಸಂಖ್ಯೆಯನ್ನು ತಾವೇ ಒತ್ತಿ ಫೋನನ್ನು ನನ್ನ ಕಿವಿಗೆ ಹಿಡಿದರು.

ಅರ್ಧ ಗಂಟೆಯೊಳಗೆ ವೈದ್ಯೆ ತಾವೇ ಕರೆಮಾಡಿದರು. ರಜೆಗೆಂದು ಮನೆಗೆ ಬಂದಿದ್ದ ಮಗಳು ವಾಟ್ಸಾಪ್‌ನಲ್ಲಿ ಚಿತ್ರ ಕಳುಹಿಸಿದಳು. ಜ್ವರ ಎಷ್ಟು, ಏನು ಹಚ್ಚಿದಿರಿ, ಯಾವಾಗಿನಿಂದ ಎಂಬ ಮೂರೇ ಪ್ರಶ್ನೆ. ಅಂದು ರಾತ್ರಿಯಿಂದಲೇ ನುಂಗಬೇಕಾದ ಮಾತ್ರೆಯ ಹೆಸರು ಹೇಳಿ, ಮರುದಿನ ಬೆಳಿಗ್ಗೆಯೇ ಬರಲು ತಿಳಿಸಿದರು. ಸೋಮವಾರ ಮತ್ತೆ ಚಾರ್ಮಾಡಿ ಇಳಿದೆವು. ಗಾಯದಿಂದ ಪರೀಕ್ಷೆಗೆ ಮಾದರಿ ತೆಗೆದುಕೊಂಡು, ಸತ್ತ ಚರ್ಮವನ್ನು ಕತ್ತರಿಸಿ, ಅರಿಶಿನದ ಕಣಗಳನ್ನೆಲ್ಲ ತೊಳೆದು ತೆಗೆದರು. ನಾನು ಪಾತ್ರೆಯ ಕಥೆಯನ್ನೂ ಬಕೆಟಿನ ಕಥೆಯನ್ನೂ ಒಂದೂ ಬಿಡದೆ ಒಪ್ಪಿಸಿದೆ. ಪಾಪನಿವೇದನೆಯಲ್ಲಿ ಕೂಡ ಅಷ್ಟು ವಿವರವಾಗಿ ನಾನೆಂದೂ ಹೇಳಿದ್ದಿಲ್ಲ.

ಅವರು ಕೈಗವಸು ಕಳಚುತ್ತಾ ಹೇಳಿದ ಮಾತು ಇದು: "ಪಾತ್ರೆಯಿಂದಲೇ ಹೀಗಾಯಿತು ಅಂತ ನಾನು ಹೇಳುವುದಿಲ್ಲ. ಎಲ್ಲ ಪಥ್ಯ ಮಾಡಿದವರಿಗೂ ಕೆಲವೊಮ್ಮೆ ಈ ಜಾಗ ಬಿಡುತ್ತದೆ. ಆದರೆ ನಾಲ್ಕು ದಿನ ನನಗೆ ಹೇಳಲಿಲ್ಲವಲ್ಲ, ಅದು ನಿಮ್ಮಿಂದ ಆದದ್ದು. ಬುಧವಾರ ರಾತ್ರಿ ನೋಡಿದ್ದರೆ ಇಷ್ಟು ಅಗಲವಾಗುತ್ತಿರಲಿಲ್ಲ."

ಅಷ್ಟೇ. ಬೈಗುಳವಿಲ್ಲ. ಅದಕ್ಕಾಗಿ ಹೆದರಿ ನಾನು ನಾಲ್ಕು ದಿನ ಕಳೆದಿದ್ದೆ.

ಅದೇ ವಾರ, ಮೇ 10ರಂದು, ವಿಧಾನಸಭಾ ಚುನಾವಣೆ. ನನಗೂ ಮತಗಟ್ಟೆಯ ಕರ್ತವ್ಯದ ಆದೇಶ ಬಂದಿತ್ತು. ವೈದ್ಯಕೀಯ ಪ್ರಮಾಣಪತ್ರದಲ್ಲಿ ಏನು ಬರೆಯಲಿ ಎಂದು ವೈದ್ಯೆ ಕೇಳಿದಾಗ, "ಇದ್ದದ್ದನ್ನೇ ಬರೆಯಿರಿ" ಎಂದೆ. ಕಚೇರಿಯಲ್ಲಿ ಗುಮಾಸ್ತರು ಅದನ್ನು ಓದಿದರು, ಮುದ್ರೆ ಹಾಕಿದರು, ಮುಂದಿನವರನ್ನು ಕರೆದರು. ನಾನು ಕಲ್ಪಿಸಿಕೊಂಡಿದ್ದ ಯಾವ ನಗೆಯೂ ಅಲ್ಲಿ ಕೇಳಿಸಲಿಲ್ಲ.

ಅತ್ತೆಯವರಿಗೆ ಹೇಳುವುದು ಅದಕ್ಕಿಂತ ಕಷ್ಟವಾಗಿತ್ತು. ಮಂಗಳೂರಿನಿಂದ ಬಂದ ಸಂಜೆಯೇ ಅವರ ಮಂಚದ ಬಳಿ ಕುಳಿತು ಹೇಳಿದೆ. ಬಹಳ ಹೊತ್ತು ಜಪಸರದ ಮಣಿಗಳನ್ನು ತಿರುಗಿಸುತ್ತಿದ್ದರು. ಆಮೇಲೆ ಮೆಲ್ಲನೆ, ತಮಗೂ ಹಾಗೆಯೇ ಇತ್ತೆಂದೂ, ಐದು ಮಕ್ಕಳ ನಂತರ ಬೆನ್ನು ಬಾಗಿದ್ದು ಮಂಡಿಯಿಂದಲ್ಲವೆಂದೂ ಹೇಳಿದರು. "ನಮ್ಮ ಕಾಲದಲ್ಲಿ ಇದಕ್ಕೆ ಡಾಕ್ಟರಿದ್ದಾರೆ ಅಂತ ಯಾರಿಗೆ ಗೊತ್ತಿತ್ತು?" ಎಂದರು. ಇಪ್ಪತ್ತೊಂದು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದ ನಾವಿಬ್ಬರು ಆ ಮಾತನ್ನು ಅಂದಿನವರೆಗೆ ಆಡಿರಲಿಲ್ಲ. ಸೋದರತ್ತೆಗೆ ಫೋನ್ ಮಾಡಿ, ಅರಿಶಿನ ಸಾರಿಗೆ ಸಾಕೆಂದು ಹೇಳಿದವರೂ ಅವರೇ.

ಕಾಗದ ಫ್ರಿಜ್ಜಿನ ಬಾಗಿಲಿಗೆ ಬಂತು. ಯಜಮಾನರು 'ಎರಡು ಕಿಲೋ' ಎಂಬುದರ ಕೆಳಗೆ ಕೆಂಪು ಗೆರೆ ಎಳೆದು, ತೋಟದ ತಕ್ಕಡಿಯನ್ನು ತಂದು ಅಡುಗೆಮನೆಯ ಒಂದೊಂದು ಪಾತ್ರೆಯನ್ನೂ ತೂಗಿದರು. ಅನ್ನವಿರುವ ಐದು ಲೀಟರಿನ ಕುಕ್ಕರ್ ನನಗೆ ನಿಷಿದ್ಧವಾಯಿತು. ನೀರು ತುಂಬಿದ ಬಕೆಟ್, ಗ್ರೈಂಡರಿನ ಕಲ್ಲು, ಅಕ್ಕಿಯ ಡಬ್ಬ, ಗ್ಯಾಸ್ ಸಿಲಿಂಡರ್ ಇವೆಲ್ಲ ಅವರ ಪಾಲಿಗೆ ಬಂದವು. ಮದುವೆಯಾದ ಇಷ್ಟು ವರ್ಷಗಳಲ್ಲಿ ನಾನು ದಿನಕ್ಕೆ ಎಷ್ಟು ಭಾರ ಎತ್ತುತ್ತೇನೆಂದು ಅವರಿಗಿರಲಿ, ನನಗೂ ತಿಳಿದಿರಲಿಲ್ಲ. ಒಂದು ದಿನ ಕುತೂಹಲಕ್ಕೆ ಲೆಕ್ಕ ಹಾಕಿ, ಸಂಜೆಯ ಹೊತ್ತಿಗೆ ತೊಂಬತ್ತು ಕಿಲೋ ದಾಟಿದಾಗ ಅವರು ಪೆನ್ಸಿಲ್ ಕೆಳಗಿಟ್ಟರು.

ಗಾಯ ಒಳಗಿನಿಂದ ತುಂಬಿಕೊಳ್ಳಬೇಕಾಗಿತ್ತು. ದಿನ ಬಿಟ್ಟು ದಿನ ಊರಿನ ಚಿಕಿತ್ಸಾಲಯದ ಸಿಸ್ಟರ್ ಡ್ರೆಸ್ಸಿಂಗ್ ಬದಲಿಸುತ್ತಿದ್ದರು. ಅದು ಪೂರ್ತಿ ಮುಚ್ಚಿದ್ದು ಜೂನ್ ಮೂರನೆಯ ವಾರದಲ್ಲಿ. ಶಾಲೆಗೆ ಹೋಗುವುದು ಎರಡು ವಾರ ತಡವಾಯಿತು. ಮುಚ್ಚಿದ ಮೇಲೆ, ವೈದ್ಯೆ ಹೇಳಿದಂತೆ ಸಿಲಿಕೋನ್ ಪಟ್ಟಿಯನ್ನು ಹಲವು ತಿಂಗಳು ಅಂಟಿಸಿಕೊಂಡೆ. ಕೆಂಪಾಗಿದ್ದ ಗೆರೆಗಳು ಬಿಳುಪಾಗಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಬಲ ತೊಟ್ಟಿನ ಸ್ಪರ್ಶ ಮರಳಿತು, ಎಡದ್ದು ಅರ್ಧ ಮಾತ್ರ. ಇದನ್ನೂ ಅವರು ಮೊದಲೇ ಹೇಳಿದ್ದರು. ಮಳೆಗಾಲಗಳು ಬಂದು ಹೋಗಿವೆ. ಎದೆಯ ಕೆಳಗಿನ ಉರಿ ಮತ್ತೆ ಬಂದಿಲ್ಲ.

ಪ್ರಾರ್ಥನಾ ಕೂಟಕ್ಕೆ ಒಂದು ಶುಕ್ರವಾರ ಹೋಗಿ, ನನಗಾಗಿ ಜಪಿಸಿದವರಿಗೆ ಸತ್ಯ ತಿಳಿಸಿ ಕ್ಷಮೆ ಕೇಳಿದೆ. ಇಬ್ಬರು ಇಂದಿಗೂ ನನ್ನೊಡನೆ ಸರಿಯಾಗಿ ಮಾತನಾಡುವುದಿಲ್ಲ. ಅವರ ಮೇಲೆ ನನಗೆ ಕೋಪವಿಲ್ಲ. ಉಳಿದವರಲ್ಲಿ ಮೂವರು, ಬೇರೆ ಬೇರೆ ದಿನ, ಯಾರೂ ಇಲ್ಲದಾಗ ನನ್ನನ್ನು ನಿಲ್ಲಿಸಿ ತಮ್ಮ ಹೆಗಲ ಮೇಲಿನ ಗೆರೆಗಳನ್ನು ತೋರಿಸಿದರು. ಅವರಿಗೆ ನಾನು ಕೊಡುವ ಉತ್ತರ ಒಂದೇ. ಮೊದಲು ತಜ್ಞರನ್ನು ನೋಡಿ. ಅದಕ್ಕೂ ಮೊದಲು, ಆರು ವಾರ ನಿಮ್ಮ ಬಕೆಟ್ ಎತ್ತುವವರಾರು ಎಂದು ಗೊತ್ತುಮಾಡಿಕೊಳ್ಳಿ, ಅವರಿಗೆ ನಿಜ ಹೇಳಿ.

ಎಡಗಡೆ ಬುಡದಲ್ಲಿ ಎರಡು ಬೆರಳಗಲದ ಕಲೆಯೊಂದು ಉಳಿದಿದೆ. ಕಳೆದ ತಪಾಸಣೆಯಲ್ಲಿ ವೈದ್ಯೆ ಅದನ್ನು ನೋಡಿ, ಬೇಕಾದರೆ ಸಣ್ಣದೊಂದು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು ಎಂದರು. ಮತ್ತೆ ಎಷ್ಟು ವಾರ ಭಾರ ಎತ್ತುವಂತಿಲ್ಲ ಎಂದು ಕೇಳಿದೆ. ನನಗಿಂತ ಮೊದಲು ಯಜಮಾನರು ಜೇಬಿನಿಂದ ಪೆನ್ನು ತೆಗೆದು, ಬರೆದುಕೊಳ್ಳಲು ಸಿದ್ಧರಾಗಿ ಕುಳಿತಿದ್ದರು. ಇನ್ನೂ ನಿರ್ಧರಿಸಿಲ್ಲ.